ಅಂಗೈಯಗಲದ ರಣರಂಗ ಮತ್ತು ಒಂದು ನಲ್ಲಿಮೂಳೆ

ಎಲೈ ಕಾಲಪುರುಷನೇ, ಯುಗಯುಗಾಂತರಗಳ ರಥಸಂಗ್ರಾಮಗಳನ್ನು ಎವೆಯಿಕ್ಕದೆ ಕಂಡು ಬೇಸತ್ತವನೇ, ಇನ್ನೊಂದನ್ನು ಕಾಣಲು ದಯಮಾಡಿ ಕಣ್ಣುಜ್ಜಿಕೊ. ಎಲೌ ವಾಗ್ದೇವಿಯೇ, ಈ ಬಡಕವಿಯ ನಾಲಗೆಯ ತುದಿಯಲ್ಲಿ ಒಂದು ಗಳಿಗೆ ಕುಳಿತುಕೊ. ಅಲ್ಲಿ ಈಗಾಗಲೇ ಮಟನ್ ಸಾರಿನ ನೆನಪು ಚಕ್ಕಳಮಕ್ಕಳ ಹಾಕಿ ಕುಳಿತಿದೆಯಾದ್ದರಿಂದ, ಕೊಂಚ ಒತ್ತರಿಸಿಕೊಂಡೇ ಕುಳಿತುಕೊ. ನಾಲೆಯ ನೀರುಂಡು ಕಬ್ಬು ತಲೆದೂಗುವ ಮಂಡ್ಯಸೀಮೆಯಲ್ಲಿ, ಮದ್ದೂರಿಗೆ ಹತ್ತಿರದ ಹುಣಸೇದೊಡ್ಡಿಯೆಂಬ ಗ್ರಾಮದಲ್ಲಿ, ಯುಗಾದಿಯ ಮರುದಿನದ ಮಧ್ಯಾಹ್ನ, ಇಬ್ಬರು ಷಡ್ಡಕರ ನಡುವೆ ಅಂಗೈಯಗಲದ ಗಾಜಿನ ಮೇಲೆ ನಡೆದ ಮಹಾಸಮರವನ್ನು ಹಾಡಲು ಹೊರಟಿದ್ದೇನೆ. ಹಾಡಬೇಡ ಎಂದು ಮನೆಯಲ್ಲಿ ಎಲ್ಲರೂ ಹೇಳಿದ್ದಾರೆ.

ಈ ಗಾಥೆಯ ನಾಯಕ ಯಾರು? ಚಾಳೀಸುಮಂಡಿತನಯನದ್ವಯನೂ, ವ್ಯಾಕರಣವಾರಿಧಿಮಗ್ನನೂ, ಪದವಿಪೂರ್ವವಿದ್ಯಾರ್ಥಿವೃಂದನಿದ್ರಾಪ್ರದಾಯಕನೂ, ಆ ಮನೆಯ ಹಿರಿಯಳಿಯನೂ ಆದ ಯೋಗಾನಂದನು. ಕಾಲೇಜೊಂದರಲ್ಲಿ ಕನ್ನಡ ಕಲಿಸುವುದು ಆತನ ವೃತ್ತಿ. ಮುನಿಸಿಕೊಳ್ಳುವುದು ಆತನ ಪ್ರವೃತ್ತಿ. ಇಂಥ ವೀರನನ್ನು ಹಾಡಲು ಬೇರೆ ಕವಿಗಳು ಯಾರೂ ಮುಂದೆ ಬಾರದ ಕಾರಣ ಆತನೇ ಹಾಡಿಕೊಳ್ಳಬೇಕಾಗಿ ಬಂದಿದೆ. ಹೌದು, ಕವಿಯೂ ನಾನೇ, ವೀರನೂ ನಾನೇ. ನನ್ನನ್ನು ನಾನೇ ಹೊಗಳಿಕೊಂಡರೆ ಚೆನ್ನಾಗಿರುವುದಿಲ್ಲವೆಂದು 'ಆತ' ಎಂದು ಕರೆದುಕೊಂಡಿದ್ದೇನೆ, ಅಷ್ಟೆ. ಅಡುಗೆಮನೆಯೊಳಗೆ ನಡೆದದ್ದೂ ಈ ಕವಿಗೆ ತಿಳಿದಿದೆಯಲ್ಲ ಎಂದು ಯಾರಾದರೂ ಬೆರಗಾದರೆ, ಅದು ದಿವ್ಯದೃಷ್ಟಿಯಲ್ಲ. ಹೆಂಡತಿ ಶಶಿಕಲಾ ಆಮೇಲೆ ಹೇಳಿದಳು. ಹೇಳುವಾಗ ನಗುತ್ತಿದ್ದಳು.

ಯುಗಾದಿಯ ಮರುದಿನಕ್ಕೆ ಆ ಸೀಮೆಯಲ್ಲಿ ವರ್ಷತೊಡಕು ಎಂದು ಹೆಸರು. ಮೊದಲ ದಿನ ಬೇವುಬೆಲ್ಲ, ಹೋಳಿಗೆ. ಎರಡನೆಯ ದಿನ ಬಾಡೂಟ ಮತ್ತು ಜೂಜು. ತೊಡಕಿನ ದಿನ ಏನಾಗುವುದೋ ಅದೇ ವರ್ಷವಿಡೀ ಆಗುವುದೆಂಬುದು ಅಲ್ಲಿಯವರ ಅಚಲ ನಂಬಿಕೆ. ಅಂದು ನಕ್ಕವನು ವರ್ಷವೆಲ್ಲ ನಗುತ್ತಾನೆ, ಬೈಸಿಕೊಂಡವನು ವರ್ಷವೆಲ್ಲ ಬೈಸಿಕೊಳ್ಳುತ್ತಾನೆ, ಸೋತವನು ಸೋಲುತ್ತಲೇ ಇರುತ್ತಾನೆ. ಆದ್ದರಿಂದ ಅಂದು ಮಕ್ಕಳಿಗೆ ಏಟಿಲ್ಲ, ಗಂಡಂದಿರಿಗೆ ಮಂಗಳಾರತಿಯಿಲ್ಲ, ಎಲ್ಲರೂ ಹಲ್ಲುಕಚ್ಚಿಕೊಂಡು ಸಂತೋಷವಾಗಿರುತ್ತಾರೆ.

ಆ ದಿನದ ಬಾಡೂಟದ ಸಾರಿನಲ್ಲಿ, ಮಸಾಲೆಯ ಕೆಂಪುಕಡಲ ನಡುವೆ, ಹಲವು ತುಂಡುಗಳ ಪರಿವಾರದೊಡನೆ ಮೆರೆಯುವುದೇ ನಲ್ಲಿಮೂಳೆ. ಹಾ, ನಲ್ಲಿಮೂಳೆಯೇ! ಕೊಳವೆಯಾಕಾರಶೋಭಿತವೇ, ಅಂತರ್ಗತಮಜ್ಜಾಮೃತಪೂರಿತವೇ, ತುಟಿಗಿಟ್ಟು ಹೀರುವವನ ಕಣ್ಣುಗಳನ್ನು ತಾನಾಗಿಯೇ ಮುಚ್ಚಿಸುವ ಮೋಹಿನಿಯೇ! ನಿನ್ನನ್ನು ಹೀರುವಾಗ ಹೊರಡುವ ಸುರ್ರೆಂಬ ನಾದದ ಮುಂದೆ ಯಾವ ಶಂಖನಾದ ನಿಂತೀತು? ಹುಣಸೇದೊಡ್ಡಿಯ ಆ ಮನೆಯಲ್ಲಿ ಅಂಥ ಮೂಳೆ ವರ್ಷಕ್ಕೆ ಒಂದೇ ಬರುತ್ತಿತ್ತು, ಏಕೆಂದರೆ ಮಾಂಸದ ಪಾಲು ಹಾಕುವಾಗ ಆ ಮನೆಯ ಪಾಲಿಗೆ ಒಂದೇ ಬೀಳುತ್ತಿತ್ತು.

ಮಾವನವರು ಇರುವ ತನಕ ಅದು ಅವರ ತಟ್ಟೆಯದು. ಅದರ ಬಗ್ಗೆ ಚರ್ಚೆಯೇ ಇರಲಿಲ್ಲ. ಅವರು ತೀರಿಕೊಂಡ ಮೇಲೆ ಬಂದ ಮೊದಲ ತೊಡಕಿನಲ್ಲಿ, ಅತ್ತೆ ಚಿಕ್ಕತಾಯಮ್ಮನವರ ಸೌಟಿನಿಂದ ಇಳಿದ ನಲ್ಲಿಮೂಳೆ ಯೋಗಾನಂದನ ತಟ್ಟೆಗೆ ಬಿತ್ತು. ಯಾರೂ ಏನೂ ಹೇಳಲಿಲ್ಲ. ಆದರೆ ಈ ಮನೆಯ ಹಿರಿಯತನ ಈಗ ತನ್ನ ಹೆಗಲಿಗೆ ಬಂತೆಂದು ಆತನಿಗೆ ಅನ್ನಿಸಿತು. ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದ ಆತ, ಮಾವನನ್ನು ನಿಜವಾಗಿ ಹಚ್ಚಿಕೊಂಡಿದ್ದ. ಕಣ್ಣಲ್ಲಿ ನೀರು ಬಂದದ್ದಕ್ಕೆ, ಖಾರ ಜೋರಾಗಿದೆ ಎಂದ.

ಅದಾದ ಮೇಲೆ ಪ್ರತಿ ತೊಡಕಿಗೂ ಮೂಳೆ ಆತನ ಪಾಲಿಗೇ ಬರುತ್ತಿತ್ತು. ಆದರೆ ಹೋದ ವರ್ಷ, ಅಯ್ಯೋ, ಹೇಳಲು ನಾಲಗೆ ಏಳದು, ಸೌಟು ಒಂದು ತಟ್ಟೆ ದಾಟಿ ಮುಂದೆ ಹೋಯಿತು. ಮುಂದೆ ಕುಳಿತಿದ್ದವನು ಇಕ್ಷುರಸಸಾಗರಾಧೀಶ್ವರನೂ, ಉಂಡೆಬೆಲ್ಲಪ್ರದಾನಪಟುವೂ, ಆತನ ನಾದಿನಿ ಕೋಮಲಾಳ ಗಂಡನೂ ಆದ ಆಲೆಮನೆ ತಿಮ್ಮೇಶ. ಬಂದಾಗಲೆಲ್ಲ ಅತ್ತೆಗೆ ಬೆಲ್ಲದ ಬುಟ್ಟಿ ತರುವವನು. ಯೋಗಾನಂದ ತರುತ್ತಿದ್ದದ್ದು ಕಾಲೇಜಿನ ಕ್ಯಾಲೆಂಡರು. ಬೆಲ್ಲದ ಮುಂದೆ ಕ್ಯಾಲೆಂಡರಿಗೆ ಬೆಲೆಯೆಲ್ಲಿ? ಅತ್ತೆಯ ಕಣ್ಣಲ್ಲಿ ತಾನು ಲೆಕ್ಕಕ್ಕಿಲ್ಲದವನಾದೆನೆಂದು ಬಗೆದ ನಮ್ಮ ವೀರ, ಮಜ್ಜಿಗೆಗೂ ಕಾಯದೆ ಎದ್ದು ಕೈತೊಳೆದ. ತೊಡಕಿನ ದಿನ ಮುಖ ಗಂಟಿಕ್ಕಿಕೊಂಡವನು ವರ್ಷವೆಲ್ಲ ಗಂಟಿಕ್ಕಿಕೊಂಡೇ ಇದ್ದ. ಇದಕ್ಕೆ ಶಶಿಕಲಾಳೇ ಸಾಕ್ಷಿ.

ಹೀಗಿರಲಾಗಿ ಈ ವರ್ಷದ ತೊಡಕು ಬಂತು. ಬೆಳಗಿನಿಂದಲೇ ಚಿಕ್ಕತಾಯಮ್ಮನವರ ಒಲೆಯ ಮೇಲೆ ದೊಡ್ಡ ಡಬರಿ ಕುದಿಯುತ್ತಿತ್ತು. ಹುರಿದ ಕೊಬ್ಬರಿಯ, ಚಕ್ಕೆಲವಂಗದ ಪರಿಮಳ ಜಗುಲಿಗೆ ಬಂದು, ಅಲ್ಲಿ ಕುಳಿತಿದ್ದ ಇಬ್ಬರು ಅಳಿಯಂದಿರ ಮೂಗಿನ ಹೊಳ್ಳೆಗಳಲ್ಲಿ ರಣಭೇರಿ ಬಾರಿಸುತ್ತಿತ್ತು. ಊಟಕ್ಕೆ ಮುನ್ನ ಜೂಜಾಡುವುದು ಸಂಪ್ರದಾಯ. ಆದರೆ ಇಸ್ಪೀಟಿನ ಕಟ್ಟು ಬಿಚ್ಚಿದರೆ ಇಬ್ಬರು ರಾಜರು ನಾಪತ್ತೆ, ಒಂದು ಎಕ್ಕಕ್ಕೆ ಇಲಿ ಕಡಿದಿದೆ. ಆಗ ಕೋಮಲಾ ಒಳಗಿನಿಂದ ಒಂದು ಪುಟ್ಟ ಯಂತ್ರವನ್ನು ತಂದಳು. ಸೀರೆ ಅಂಗಡಿಯೊಂದರ ಲಕ್ಕಿ ಡ್ರಾನಲ್ಲಿ ಅವಳಿಗೆ ಗ್ರೈಂಡರ್ ಬರಬೇಕಿತ್ತಂತೆ, ಇದು ಬಂದಿತ್ತು.

"ಇದ್ರಲ್ಲಿ ಆಡಿ ಭಾವ. ಕಾರ್ಟ್ ರೇಸು. ಇಬ್ರೂ ಆಡ್ಬೋದು," ಎಂದಳು.

ಕೇಳಿರಿ, ಆ ರಣಯಂತ್ರದ ವರ್ಣನೆಯನ್ನು! ಒಂದು ಒಬ್ಬಟ್ಟಿನಷ್ಟು ಅಗಲದ ಗಾಜು. ಅದರ ಎಡಬಲಗಳಲ್ಲಿ ಎರಡು ಹಿಡಿಗಳು, ಬೇಕೆಂದಾಗ ಕಳಚಿಕೊಂಡು ಇಬ್ಬರು ಯೋಧರ ಕೈ ಸೇರುವಂಥವು. ಝೂಮ್ ಝೂಮ್ ಕಾರ್ಟ್ ಎಂಬುದು ಅದರೊಳಗಿನ ಆಟದ ನಾಮಧೇಯ. ಗುಂಡಿ ಒತ್ತಿದರೆ ಸಾಕು, ಹಿಮಪರ್ವತಗಳೂ ಮರಳುಗಾಡುಗಳೂ ತೇಲುವ ಪಟ್ಟಣಗಳೂ ಬಣ್ಣಬಣ್ಣವಾಗಿ ಮೈದೋರುತ್ತವೆ; ಕರಡಿ, ಮೊಲ, ಬಾತುಕೋಳಿ ಮುಂತಾದ ಸಾರಥಿಗಳು ತಳ್ಳುಗಾಡಿಯಷ್ಟೇ ಗಾತ್ರದ ಕಾರುಗಳಲ್ಲಿ ಕುಳಿತು ಕೈಬೀಸುತ್ತಾರೆ; ತಿರುವಿನಲ್ಲಿ ಗಾಡಿಯನ್ನು ಓರೆಯಾಗಿ ಜಾರಿಸಿದರೆ ಚಕ್ರದ ಕೆಳಗಿಂದ ನೀಲಿ ಕಿಡಿ ಹಾರಿ ವೇಗ ಇಮ್ಮಡಿಸುತ್ತದೆ. ದಾರಿಯಲ್ಲಿ ತೇಲುವ ಗಂಟುಗಳಿಗೆ ಡಿಕ್ಕಿ ಹೊಡೆದರೆ ಆಯುಧ ಸಿಗುತ್ತದೆ: ಕೆಲವರಿಗೆ ಸೋಪಿನ ನೊರೆ, ಕೆಲವರಿಗೆ ಎಸೆಯಲು ಕುಂಬಳಕಾಯಿ. ಕವಿ ಸುಳ್ಳು ಹೇಳಬಾರದು. ಆಟ ನೋಡಲು ಬಲು ಚೆಂದವಿತ್ತು. ಕೈಗೆ ಬಂದ ಕೂಡಲೇ ಯಾರು ಬೇಕಾದರೂ ಆಡಬಹುದಾದಷ್ಟು ಸುಲಭವೂ ಆಗಿತ್ತು. ಯಾರು ಬೇಕಾದರೂ ಎಂದರೆ, ಒಬ್ಬನನ್ನು ಬಿಟ್ಟು.

ಆ ಒಬ್ಬನು ಎದ್ದು ನಿಂತ. ಪಂಚೆಯನ್ನು ಮೇಲೆತ್ತಿ ಕಟ್ಟಿದ. ಷಡ್ಡಕನತ್ತ ತೋರುಬೆರಳು ಚಾಚಿ, ಪಾಠದ ಕೊನೆಯಲ್ಲಿ ಗಂಟೆ ಹೊಡೆದ ಮೇಲೂ ಬಿಡದ ಆ ಧ್ವನಿಯಲ್ಲಿ ಗರ್ಜಿಸಿದ:

"ಎಲೈ ತಿಮ್ಮೇಶ, ಗುಡಗರ್ವಿತನೇ, ಕೇಳು! ಇಂದು ಈ ಪಥದಲ್ಲಿ ನಿನ್ನ ರಥವನ್ನು ನುಚ್ಚುನೂರು ಮಾಡದಿದ್ದರೆ ನಾನು ಸಂಧಿಸಮಾಸಗಳನ್ನು ಬೋಧಿಸಿದವನೇ ಅಲ್ಲ. ಈ ಸಮರದಲ್ಲಿ ಗೆದ್ದವನಿಗೆ ನಲ್ಲಿಮೂಳೆ, ಸೋತವನಿಗೆ ಬರೀ ಸಾರು. ಒಪ್ಪಿಗೆಯೇ?"

ತಿಮ್ಮೇಶ ತಲೆ ಕೆರೆದುಕೊಂಡ. "ನಲ್ಲಿಮೂಳೆಯಾ? ಆಯ್ತು ಬುಡಿ ಅಣ್ಣ, ನಿಮ್ಮಿಷ್ಟ. ಆದ್ರೆ ನಾನು ಕಬ್ಬು ತುಂಬಿದ್ ಟ್ರ್ಯಾಕ್ಟ್ರುನ ಸಂದೀಲಿ ರಿವರ್ಸ್ ತಗಂಡೋನು. ನೀವು ಸ್ಕೂಟ್ರು ನಿಲ್ಸುವಾಗ ಇಬ್ರು ಇಡ್ಕಬೇಕು. ಆಮೇಲೆ ಬೇಜಾರ್ ಮಾಡ್ಕಬಾರ್ದು."

"ಏನಾರ ಮಾಡ್ಕಳಿ," ಎಂದು ಒಳಗಿನಿಂದಲೇ ಚಿಕ್ಕತಾಯಮ್ಮನವರು ಕೂಗಿ ಹೇಳಿದರು. "ಮುದ್ದೆ ಆಯ್ತಿದ್ದಂಗೆ ಕರೀತೀನಿ, ಬಂದ್ಬುಡಿ."

ಆತ ಕರಡಿಯನ್ನು ಆರಿಸಿಕೊಂಡ, ಗಾಂಭೀರ್ಯವಿದೆಯೆಂದು. ತಿಮ್ಮೇಶ ಮೊಲವನ್ನು ಆರಿಸಿಕೊಂಡ, ಬೆರಳಿಗೆ ಅದೇ ಮೊದಲು ತಾಗಿತೆಂದು. ಗಾಜು ಎರಡು ಹೋಳಾಗಿ ಸೀಳಿ, ಮೇಲರ್ಧ ಕರಡಿಗೂ ಕೆಳಗರ್ಧ ಮೊಲಕ್ಕೂ ಹಂಚಿಹೋಯಿತು. ಇಲ್ಲಿ ಆಟದ ಮೊದಲ ದೋಷ ಪ್ರಕಟವಾಯಿತು. ಒಬ್ಬಟ್ಟಿನಷ್ಟಿದ್ದ ರಣರಂಗವನ್ನು ಅರ್ಧ ಮಾಡಿದರೆ ಉಳಿಯುವುದೆಷ್ಟು? ಕರಡಿ ಕಡಲೆಕಾಳಿನಷ್ಟಾಯಿತು, ಅಕ್ಷರಗಳು ಇರುವೆಗಳಾದವು. ಯೋಗಾನಂದ ಚಾಳೀಸನ್ನು ಮೂಗಿನ ತುದಿಗೆ ಜಾರಿಸಿ, ತಲೆಯನ್ನು ಹಿಂದಕ್ಕೆ ಎಳೆದು, ಇರುವೆಗಳು ಏನೆನ್ನುತ್ತವೆ ಎಂದು ಓದತೊಡಗಿದ. ಯಾವ ಸೂಚನೆಯನ್ನೂ ಪೂರ್ತಿ ಓದದೆ ಮುಂದುವರಿಯಬಾರದೆಂಬುದು ಆತ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟ ನಿಯಮ.

"ಭಾವ, ಗಾಡಿ ಬುಟ್ಟಾಯ್ತು!" ಎಂದಳು ಕೋಮಲಾ.

ನೋಡುತ್ತಾನೆ, ಉಳಿದ ಗಾಡಿಗಳೆಲ್ಲ ಧೂಳೆಬ್ಬಿಸಿ ಕಣ್ಮರೆಯಾಗಿವೆ. ಆತ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿದ. ಹುಣಸೇದೊಡ್ಡಿಯ ನಾಯಿಗಳು ಬೊಗಳುವಂಥ ಹಾರನ್ ಸದ್ದು ಹೊರಟಿತು, ಕರಡಿ ಒಮ್ಮೆ ಕೈಬೀಸಿತು, ಗಾಡಿ ಮುಂದಕ್ಕೆ ಚಿಮ್ಮಿತು. ಚಿಮ್ಮಿದ್ದು ಎಡಕ್ಕೆ. ಬಲಕ್ಕೆ ಎಳೆದರೂ ಎಡಕ್ಕೆ, ನೇರ ಹಿಡಿದರೂ ಎಡಕ್ಕೆ. ಹಿಮಶಿಖರಗಳ ನಡುವಿನ ಆ ರಮ್ಯ ಮಾರ್ಗದಲ್ಲಿ ಎಡಬದಿಗೆ ಬೇಲಿಯೊಂದಿತ್ತು. ಕರಡಿ ಅದರ ಒಂದೊಂದು ಗೂಟವನ್ನೂ ಬಿಡದೆ ಮುಟ್ಟಿ ನಮಸ್ಕರಿಸುತ್ತ ಸಾಗಿತು. ಆತ ಮೈಯನ್ನೇ ಬಲಕ್ಕೆ ವಾಲಿಸಿದ, ಜಗುಲಿಯ ಕಂಬಕ್ಕೆ ತಲೆ ತಾಗಿತು, ಗಾಡಿಗೆ ಏನೂ ಪರಿಣಾಮವಾಗಲಿಲ್ಲ. ಅಷ್ಟರಲ್ಲಿ ಕೆಳಗರ್ಧದಲ್ಲಿ ಮೊಲ ಗುರಿ ಮುಟ್ಟಿ ಕುಣಿಯುತ್ತಿತ್ತು.

"ಅನ್ಯಾಯ!" ಎಂದು ಗುಡುಗಿದ ನಮ್ಮ ವೀರ. "ಈ ಹಿಡಿಗೆ ಎಡಚಾಳಿಯಿದೆ. ಇಂಥ ಆಯುಧದಿಂದ ಕಾದಾಡುವುದು ಕ್ಷಾತ್ರಧರ್ಮಕ್ಕೆ ಸಲ್ಲದು!"

ಕೋಮಲಾ ಹಿಡಿ ತೆಗೆದುಕೊಂಡು ನೋಡಿದಳು. "ಹೂಂ, ಇದು ಮುಟ್ದೇ ಇದ್ರೂ ಎಡುಕ್ ಎಳೀತದೆ ಭಾವ, ಮೊದ್ಲಿಂದ್ಲೂ ಅಂಗೇ. ನಾನು ಅಂಗೇ ಒಗ್ಗುಸ್ಕಂಡು ಆಡ್ತೀನಿ."

ಇದು ಆಟದ ಎರಡನೆಯ ದೋಷ, ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ತಿಮ್ಮೇಶ ಮಾತ್ರ ತನ್ನ ಹಿಡಿಯನ್ನು ಕೊಟ್ಟು ಅದನ್ನು ಇಸಕೊಂಡ. ಆ ಔದಾರ್ಯ ನಮ್ಮ ವೀರನಿಗೆ ಇನ್ನಷ್ಟು ಉರಿ ಹತ್ತಿಸಿತು.

"ಮುದ್ದೆ ಆಯ್ತು, ಬನ್ರಪ್ಪಾ," ಎಂದು ಒಳಗಿನಿಂದ ಕರೆ ಬಂತು.

"ಒಂದೇ ಗಳಿಗೆ ಅತ್ತೆ!" ಎಂದ ಯೋಗಾನಂದ. ಆ ಮನೆಯಲ್ಲಿ ತೊಡಕಿನ ದಿನ ಅಳಿಯಂದಿರು ಕೂರುವ ತನಕ ಯಾರೂ ತಟ್ಟೆ ಮುಟ್ಟುವಂತಿಲ್ಲ. ಚಿಕ್ಕತಾಯಮ್ಮನವರು ಮುದ್ದೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಸಾರು ಆರದಿರಲೆಂದು ಉರಿಯನ್ನು ಸಣ್ಣ ಮಾಡಿ ಡಬರಿಯನ್ನು ಒಲೆಯ ಮೇಲೆಯೇ ಬಿಟ್ಟರು.

ಎರಡನೆಯ ಕಾಳಗ ಮರಳುಗಾಡಿನಲ್ಲಿ. ಹೊಸ ಹಿಡಿಯ ಬಲದಿಂದ ಕರಡಿ ನೇರವಾಗಿ ಓಡಿತು, ಒಂದು ತಿರುವನ್ನು ಜಾರಿಸಿಯೇ ದಾಟಿತು, ನೀಲಿ ಕಿಡಿ ಹಾರಿತು. ಆ ಕಿಡಿಯನ್ನು ಕಂಡ ಯೋಗಾನಂದನ ಎದೆ ಹಿಗ್ಗಿದ್ದನ್ನು ಹೇಗೆ ಬಣ್ಣಿಸಲಿ? ಐವತ್ತರ ಅಂಚಿಗೆ ಬಂದ ಮನುಷ್ಯನೊಬ್ಬ ಕಡಲೆಕಾಳಿನಷ್ಟು ಕರಡಿಯನ್ನು ಓರೆಯಾಗಿ ಜಾರಿಸಿದ್ದಕ್ಕೆ "ಆಹಾ!" ಎಂದು ಕೂಗಿದ್ದು ಎದುರುಮನೆಯವರಿಗೂ ಕೇಳಿಸಿತು. ಆಟದ ಅತಿದೊಡ್ಡ ಗುಣ ಅದೇ ಇರಬೇಕು. ಆ ಕ್ಷಣ ಮೂಳೆಯೂ ಮರೆತಿತ್ತು, ಮುನಿಸೂ ಮರೆತಿತ್ತು. ತಿಮ್ಮೇಶನೂ "ಭಲೇ ಅಣ್ಣ!" ಎಂದ. ಹೇಳುತ್ತ ಹೇಳುತ್ತಲೇ ಎಡಕ್ಕೆ ಎಳೆಯುವ ಹಿಡಿಯಲ್ಲೇ ಮೊಲವನ್ನು ಓಡಿಸಿ ಆತನನ್ನು ಹಿಂದೆ ಹಾಕಿದ. ಇನ್ನೇನು ಗುರಿ ಕಾಣಬೇಕು, ಆಗ ಮರಳುಗಾಡಿಗೆ ಮರಳುಗಾಡೇ ಕಪ್ಪಾಯಿತು.

"ಬ್ಯಾಟ್ರಿ ಸತ್ತೋಯ್ತು," ಎಂದಳು ಕೋಮಲಾ. "ಇದ್ರಲ್ಲಿ ಚಾರ್ಜು ನಿಲ್ಲೋದೇ ಇಲ್ಲ, ವಸಿ ಆಡುದ್ರೆ ಮುಗೀತು."

"ದೈವಸಂಕಲ್ಪ! ಈ ಸುತ್ತೂ ಲೆಕ್ಕಕ್ಕಿಲ್ಲ!" ಎಂದ ಯೋಗಾನಂದ, ಬ್ಯಾಟರಿ ಸಾಯುವುದೂ ಒಂದು ಗುಣವೆಂದು ಆಗಲೇ ತೀರ್ಮಾನಿಸಿ.

ಆಮೇಲೆ ಚಾರ್ಜರ್ ಹುಡುಕಾಟ. ಅದು ಅಕ್ಕಿ ಚೀಲದ ಹಿಂದೆ ಸಿಕ್ಕಿತು. ಜಗುಲಿಯ ಪ್ಲಗ್ಗು ಕೆಟ್ಟಿತ್ತು, ನಡುಮನೆಯದು ಟಿವಿಯ ಪಾಲಾಗಿತ್ತು. ಉಳಿದದ್ದು ಅಡುಗೆಮನೆಯ ಬಾಗಿಲ ಪಕ್ಕದ ಮಿಕ್ಸಿಯ ಪ್ಲಗ್ಗು ಒಂದೇ. ಹೀಗಾಗಿ ಮೊಳದುದ್ದವೂ ಇಲ್ಲದ ಗಿಡ್ಡ ತಂತಿಗೆ ಜೋತುಬಿದ್ದ ಯಂತ್ರವನ್ನು ಗೋಡೆಯ ಗೂಡಿನಲ್ಲಿರಿಸಿ, ಮಹಾರಥಿಗಳಿಬ್ಬರೂ ಹೊಸ್ತಿಲ ಬಳಿ ಒಬ್ಬರ ಭುಜಕ್ಕೊಬ್ಬರು ಅಂಟಿಕೊಂಡು ನಿಂತರು. ಡಬರಿ ಅವರ ಪಕ್ಕದಲ್ಲೇ ಗುಳುಗುಳು ಎನ್ನುತ್ತಿತ್ತು.

"ರೀ, ಮುದ್ದೆ ಕಲ್ಲಾಯ್ತದೆ. ಸಾಕ್ ಬನ್ನಿ," ಎಂದಳು ಶಶಿಕಲಾ.

"ಸುಮ್ಮನಿರು. ಇದು ಒಂದು ವರ್ಷದ ಪ್ರಶ್ನೆ," ಎಂದ ಆತ. ಆತನಿಗೆ ಅದು ನಿಜವಾಗಿಯೂ ಒಂದು ವರ್ಷದ ಪ್ರಶ್ನೆಯೇ ಆಗಿತ್ತು. ಈ ಮನೆಯಲ್ಲಿ ತನ್ನ ಜಾಗ ಯಾವುದೆಂಬುದು ಇಂದು ತಿಳಿಯಬೇಕಿತ್ತು. ಶಶಿಕಲಾ ಏನೋ ಹೇಳಹೊರಟವಳು, ತೊಡಕಿನ ದಿನವೆಂದು ನೆನಪಾಗಿ ಬಾಯಿ ಮುಚ್ಚಿಕೊಂಡಳು.

ಮೂರನೆಯ, ಅಂತಿಮ, ಘನಘೋರ ಕಾಳಗ ತೇಲುವ ಪಟ್ಟಣದಲ್ಲಿ ಆರಂಭವಾಯಿತು. ಗಾಡಿಗಳು ಗಾಳಿಯಲ್ಲಿ ತೂಗುವ ಸೇತುವೆಗಳ ಮೇಲೆ ಹಾರಿದವು. ಹಿಂದಿನೆರಡು ಸುತ್ತಿನಲ್ಲೂ ಕೇಳಿದ ಅದೇ ತುತ್ತೂರಿ ಸಂಗೀತ ಮೂರನೆಯ ಬಾರಿ ಮೊಳಗಿತು, ಈ ಆಟಕ್ಕೆ ಬೇರೆ ರಾಗವೇ ಗೊತ್ತಿಲ್ಲ. ಮೊದಲ ಸೇತುವೆಯಲ್ಲೇ ಕರಡಿ ಸೋಪಿನ ನೊರೆಗೆ ಸಿಕ್ಕಿ ಬುಗುರಿಯಾಯಿತು. ಸಾವರಿಸಿಕೊಂಡಿತೋ ಇಲ್ಲವೋ, ಬಾತುಕೋಳಿಯೊಂದು ಎಸೆದ ಕುಂಬಳಕಾಯಿ ಮುಖಕ್ಕೆ ಬಂದು ಅಪ್ಪಳಿಸಿತು. ಮುಂದಿನ ತಿರುವಿನಲ್ಲಿ ಆತ ಜಾರಿಸಲು ಹೋಗಿ ಸೇತುವೆಯಿಂದಲೇ ಜಾರಿ ಮೋಡದೊಳಗೆ ಬಿದ್ದ. ಆಟದ ದೇವದೂತನೊಬ್ಬ ಎತ್ತಿ ಮತ್ತೆ ದಾರಿಗಿಟ್ಟ. ಆತ ಮತ್ತೆ ಬಿದ್ದ. ಎಂಟು ಗಾಡಿಗಳಲ್ಲಿ ಎಂಟನೆಯದಾಗಿ, ಏಳನೆಯ ಗಾಡಿಯ ಹೊಗೆಯೂ ಕಾಣದಷ್ಟು ಹಿಂದೆ, ಆ ಅಂತಿಮಸ್ಥಾನಚಕ್ರವರ್ತಿ ಏಕಾಂಗಿಯಾಗಿ ಸಾಗುತ್ತಿದ್ದ. ಮೊಲ ಎಲ್ಲರಿಗಿಂತ ಮುಂದಿತ್ತು.

ಇಲ್ಲಿ ಓದುಗರಿಗೆ ಈ ಆಟದ ಒಂದು ರಹಸ್ಯವನ್ನು ತಿಳಿಸಬೇಕು. ಮುಂದೆ ಓಡುವವನು ಗಂಟಿಗೆ ಡಿಕ್ಕಿ ಹೊಡೆದರೆ ಅವನಿಗೆ ಸಿಗುವುದು ಅಂಗೈಯಷ್ಟು ಸೋಪಿನ ನೊರೆ. ಹಿಂದೆ ಬಿದ್ದಷ್ಟೂ ಒಳ್ಳೆಯ ಆಯುಧ. ಎಲ್ಲರಿಗಿಂತ ಹಿಂದೆ ಬಿದ್ದು, ಇನ್ನು ಇವನಿಂದ ಏನೂ ಆಗದು ಎಂದು ಯಂತ್ರಕ್ಕೇ ಅನ್ನಿಸಿದಾಗ, ಅದು ಸುಂಟರಗಾಳಿಯನ್ನು ಕೊಡುತ್ತದೆ. ಕೈಲಾಗದವನಿಗೆ ಕೊಡುವ ಗ್ರೇಸ್ ಮಾರ್ಕ್ಸ್ ಅದು. ಮಕ್ಕಳೂ ಮುದುಕರೂ ಬೇಸರವಿಲ್ಲದೆ ಒಟ್ಟಿಗೆ ಆಡಲೆಂದು ಇಟ್ಟ ಕರುಣೆ, ದೊಡ್ಡ ಗುಣ. ಚೆನ್ನಾಗಿ ಆಡಿದವನ ಬಾಯಿಗೆ ಮಣ್ಣು ಹಾಕುವ ದೊಡ್ಡ ದೋಷವೂ ಅದೇ. ಯಾವ ಕಡೆಯಿಂದ ನೋಡಬೇಕೆಂಬುದು ನೀವು ಎಷ್ಟನೆಯವರಾಗಿ ಓಡುತ್ತಿದ್ದೀರಿ ಎಂಬುದರ ಮೇಲಿದೆ.

ಕರಡಿ ಗಂಟಿಗೆ ಡಿಕ್ಕಿ ಹೊಡೆಯಿತು. ಬೇಕೆಂದಲ್ಲ, ತಪ್ಪಿಸಿಕೊಳ್ಳಲು ಹೋಗಿ. ಸುಂಟರಗಾಳಿಯ ಚಿತ್ರ ಗಾಜಿನ ಮೂಲೆಯಲ್ಲಿ ಮೂಡಿತು. ಆದರೆ ವೀರನಿಗೆ ಅದು ಕಾಣಲಿಲ್ಲ, ಏಕೆಂದರೆ ಡಬರಿಯ ಹಬೆಯಿಂದ ಆತನ ಚಾಳೀಸು ಪೂರ್ತಿ ಮಬ್ಬಾಗಿತ್ತು. ಆತ ಎಡಗೈಯಿಂದ ಚಾಳೀಸು ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದ. ಬಲಗೈಯ ಹೆಬ್ಬೆರಳು ಯಾವುದೋ ಒಂದು ಗುಂಡಿಯ ಮೇಲೆ ಊರಿತ್ತು.

ಆಗ ಎದ್ದಿತು ಸುಂಟರಗಾಳಿ! ತೇಲುವ ಪಟ್ಟಣದ ಗೋಪುರಗಳು ಗದಗದ ನಡುಗಿದವು, ಬಾತುಕೋಳಿಗಳು ದಿಕ್ಕಾಪಾಲಾದವು, ಕರಡಿ ತನ್ನ ರಥಸಮೇತ ಆಕಾಶಕ್ಕೆ ಹಾರಿ, ಒಂದರ ಹಿಂದೊಂದರಂತೆ ಎಲ್ಲ ಗಾಡಿಗಳ ತಲೆಯ ಮೇಲೆ ಹಾದು, ಗುರಿಗೆ ಮೊಲದ ಮೂಗು ತಾಗುವುದಕ್ಕೆ ಒಂದು ಕೂದಲೆಳೆ ಮುಂಚೆ ಅಡ್ಡಗೆರೆಯ ಆಚೆ ಧೊಪ್ಪನೆ ಬಿತ್ತು. ಆತ ಚಾಳೀಸು ಹಾಕಿಕೊಂಡು ನೋಡುವಷ್ಟರಲ್ಲಿ ಕರಡಿ ಕಪ್ಪು ಎತ್ತಿ ಹಿಡಿದು ಕುಣಿಯುತ್ತಿತ್ತು.

"ಯಾರು ಗೆದ್ದದ್ದು?" ಎಂದು ಕೇಳಿದ ವಿಜಯಿ.

"ನೀವೇ ಕಣಣ್ಣ," ಎಂದ ತಿಮ್ಮೇಶ, ಬಿದ್ದುಬಿದ್ದು ನಗುತ್ತ. ಅವನಿಗೆ ಕೋಪ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂತೂ ಪಂಕ್ತಿ ಕುಳಿತಿತು. ಅತ್ತೆಯನ್ನು ಬಿಟ್ಟು ಎಲ್ಲರೂ ಕುಳಿತರು. ಕೋಮಲಾ ತೀರ್ಪು ಸಾರಿದಳು. ಚಿಕ್ಕತಾಯಮ್ಮನವರು, ಏನೋ ಮಕ್ಕಳಾಟವೆಂಬಂತೆ ನಕ್ಕು, ಡಬರಿಯ ತಳದಿಂದ ನಲ್ಲಿಮೂಳೆಯನ್ನು ಹುಡುಕಿ ತೆಗೆದು, ಹಿರಿಯಳಿಯನ ತಟ್ಟೆಯ ನಟ್ಟನಡುವೆ ಇಟ್ಟರು. ದೇವತೆಗಳು ಹೂಮಳೆ ಸುರಿಸಲು ಅದಕ್ಕಿಂತ ತಕ್ಕ ಗಳಿಗೆಯಿರಲಿಲ್ಲ. ಯೋಗಾನಂದ ಮಾವನನ್ನು ನೆನೆದ. ಬೆನ್ನು ನೆಟ್ಟಗೆ ಮಾಡಿಕೊಂಡ. ಎರಡೂ ಕೈಯಿಂದ ಮೂಳೆಯನ್ನೆತ್ತಿ, ತುಟಿಗಿಟ್ಟು, ಕಣ್ಣುಮುಚ್ಚಿ ಹೀರಿದ.

ಗಾಳಿ ಬಂತು.

ಮತ್ತೆ ಹೀರಿದ. ಮತ್ತೂ ಗಾಳಿಯೇ. ತಟ್ಟೆಯ ಅಂಚಿಗೆ ಟಕಟಕ ಕುಟ್ಟಿದ. ಒಂದು ಹನಿ ಸಾರು ಉದುರಿತು. ಒಂದು ಕಣ್ಣಿಗೆ ಹಿಡಿದು ನೋಡಿದ. ಆಚೆ ತುದಿಯಲ್ಲಿ ತಿಮ್ಮೇಶನ ತಟ್ಟೆ ಸ್ವಚ್ಛವಾಗಿ ಕಾಣಿಸಿತು. ಮೂರು ಕಾಳಗಗಳ ಕಾಲವೂ ಸಣ್ಣ ಉರಿಯಲ್ಲಿ ಬೆಂದು ಬೆಂದು ಮಜ್ಜೆಯೆಲ್ಲ ಕರಗಿ ಸಾರಿಗೆ ಸೇರಿಹೋಗಿತ್ತು. "ಅವ್ವಾ, ಈ ಸಲ ಸಾರು ಏನ್ ಗಟ್ಟಿಗದೆ!" ಎಂದು ಕೋಮಲಾ ಆಗಲೇ ಅರ್ಧ ಮುದ್ದೆ ಮುಗಿಸಿದ್ದಳು. ಆತನ ಮುಖ, ಎಷ್ಟು ತಡೆದರೂ, ಗಂಟಿಕ್ಕಿಕೊಂಡಿತು.

ಅದನ್ನು ಮೊದಲು ಕಂಡವರು ಚಿಕ್ಕತಾಯಮ್ಮನವರು. ಅವರ ಕೈಯ ಸೌಟು ಅಲ್ಲೇ ನಿಂತಿತು.

"ಯಾಕ್ರಪ್ಪ ಅಳಿಯಂದ್ರೇ, ಈ ಸಲಾನೂ ಉಪ್ಪು ಜಾಸ್ತಿ ಆಗೋಯ್ತಾ?"

"ಉಪ್ಪಾ?"

"ವೋದ್ ವರ್ಸ ಮಜ್ಗೆಗೂ ಕಾಯ್ದಂಗೆ ಎದ್ದೋದ್ರಲ್ಲ. ನೀವು ಬಾಯ್ಬುಟ್ ಯೋಳೋರಲ್ಲ, ಉಪ್ಪೇ ಜಾಸ್ತಿ ಆಗಿರ್ಬೇಕು, ತೊಡಕಿನ್ ದಿನ ಅಳಿಯಂದ್ರು ಸರ್ಯಾಗ್ ಉಣ್ಲಿಲ್ವಲ್ಲ ಅಂತ ವರ್ಸೆಲ್ಲ ನಂಗದೇ ಕೊರಗಾಗೋಯ್ತು. ಅದ್ಕೇ ಈ ಸಲ ಕಮ್ಮಿನೇ ಆಕಿವ್ನಿ."

"ಉಪ್ಪಲ್ಲ ಕಣವ್ವ," ಎಂದಳು ಶಶಿಕಲಾ, ಇನ್ನು ತಡೆಯಲಾರದೆ. "ವೋದ್ ವರ್ಸ ನಲ್ಲಿಮೂಳೆ ತಿಮ್ಮೇಶಂಗೆ ಇಕ್ದೆ ಅಂತ ಕೋಪ!"

"ತಿಮ್ಮೇಶಂಗಾ?" ಚಿಕ್ಕತಾಯಮ್ಮನವರು ಬೆಪ್ಪಾದರು. "ನಾನೆಲ್ಲಿ ಮೂಳೆ ನೋಡ್ ಇಕ್ದೆ? ಆ ಹಬೇಲಿ ಏನ್ ಕಂಡದು? ಸೌಟ್ಗೆ ಬಂದಿದ್ ಬುಟ್ಟೆ, ಅಷ್ಟೇಯ."

ಎಲೌ ವಾಗ್ದೇವಿಯೇ, ನೀನಿನ್ನು ಎದ್ದು ಹೋಗಬಹುದು. ಇದರಾಚೆಗೆ ವೀರನೂ ಇಲ್ಲ, ರಥವೂ ಇಲ್ಲ. ನಾನು, ಅಳಿಯ ಯೋಗಾನಂದ, ಖಾಲಿ ಮೂಳೆ ಹಿಡಿದುಕೊಂಡು ಅತ್ತೆಯ ಮುಂದೆ ಕುಳಿತಿದ್ದೆ. ನನ್ನ ಒಂದು ಗಳಿಗೆಯ ಮುಖ ನೋಡಿ ಆ ಹೆಂಗಸು ಒಂದು ವರ್ಷ ಉಪ್ಪಿನ ಲೆಕ್ಕ ಹಾಕುತ್ತ ಕೊರಗಿದ್ದರು. ಅವರ ಲೆಕ್ಕದಲ್ಲಿ ನಾನು ಇರಲಿಲ್ಲವೆಂದು ನಾನು ಕೊರಗಿದ್ದೆ. ನನಗೆ ನಾಚಿಕೆಯಾಯಿತು, ತುಂಬಾ ನಾಚಿಕೆಯಾಯಿತು.

ಮೂಳೆಯನ್ನು ಕೆಳಗಿಟ್ಟು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಸಪ್ಪೆ ಅಂದರೆ ಸಪ್ಪೆ. ನಾಲೆಯ ನೀರಾದರೂ ವಾಸಿ. ಆಗಷ್ಟೇ ಗಮನಿಸಿದೆ, ತಿಮ್ಮೇಶ ತಟ್ಟೆಯ ಮರೆಯಲ್ಲಿ ಮೆಲ್ಲಗೆ ಉಪ್ಪಿನ ಡಬ್ಬಿಯತ್ತ ಕೈ ಚಾಚುತ್ತಿದ್ದ, ಶಶಿಕಲಾ ಅದನ್ನು ಅವನ ಕಡೆಗೆ ಸರಿಸುತ್ತಿದ್ದಳು.

"ಹೆಂಗದೆ? ನಿಜ ಯೋಳಿ," ಎಂದರು ಅತ್ತೆ, ನನ್ನ ಮುಖವನ್ನೇ ನೋಡುತ್ತ.

"ಉಪ್ಪು ಸರ್ಯಾಗದೆ ಅತ್ತೆ. ಇಂಗೇ ಇರ್ಬೇಕು," ಎಂದೆ.

ಅವರ ಮುಖ ಅರಳಿತು. ಸೆರಗಿನಿಂದ ಕಣ್ಣೊರೆಸಿಕೊಂಡರು. "ಸದ್ಯ! ಅಂಗಾರೆ ಇನ್ಮ್ಯಾಕೆ ಇಷ್ಟೇ ಆಕ್ತೀನಿ, ಯಾವತ್ತೂ," ಎಂದು ಉಪ್ಪಿನ ಡಬ್ಬಿಯನ್ನು ಎತ್ತಿಕೊಂಡು ಒಳಗೆ ಇಟ್ಟುಬಂದರು.

ಚಾಚಿದ ಕೈ ಹಾಗೇ ಇಟ್ಟುಕೊಂಡು ತಿಮ್ಮೇಶ ನನ್ನನ್ನು ನೋಡಿದ. ಕೋಮಲಾ ನೋಡಿದಳು. ಶಶಿಕಲಾ ನೋಡಿದ ರೀತಿಯನ್ನು ನಾನು ಬಣ್ಣಿಸಲಾರೆ. ತೊಡಕಿನ ದಿನವಾದ್ದರಿಂದ ಯಾರೂ ಬೈಯುವಂತಿರಲಿಲ್ಲ. ನಾನು ತಟ್ಟೆ ಮುಂದೆ ಚಾಚಿ ಇನ್ನೊಂದು ಸೌಟು ಸಾರು ಬಿಡಿಸಿಕೊಂಡೆ.